ಗಾರ್ಡಿಗೆ ಬೇಡದ ಲೈಸೆನ್ಸ್

ಹೊಸ ಆಡಳಿತಾಧಿಕಾರಿ ಬಂದ ಮೂರನೆಯ ದಿನವೇ ಗಾರ್ಡುಗಳ ಕಾಗದಪತ್ರ ಕೇಳಿದರು. ಸೇಡಂನ ಆ ಖಾಸಗಿ ಆಸ್ಪತ್ರೆಯಲ್ಲಿ ನಾವು ಹನ್ನೊಂದು ಮಂದಿ ಇದ್ದೆವು. ಏಳು ಹೆಂಗಸರು, ನಾಲ್ವರು ಗಂಡಸರು. ನನ್ನ ಜಾಗ ಹೆರಿಗೆ ವಾರ್ಡಿನ ಬಾಗಿಲು. ಕಾಗದ ಅಂದ ಕೂಡಲೇ ಎಲ್ಲರಿಗಿಂತ ಮೊದಲು ನಾನೇ ಅವರ ಕೋಣೆಗೆ ಹೋದೆ. ನನ್ನ ಹತ್ತಿರ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡಿತ್ತು. ಅದರ ಮೇಲೆ ಕೆಂಪಕ್ಷರದಲ್ಲಿ ‘ಗಾರ್ಡ್ ಲೈಸೆನ್ಸ್’ ಅಂತ ಬರೆದಿತ್ತು. ನಮ್ಮನ್ನು ಆಸ್ಪತ್ರೆಗೆ ಕಳಿಸಿದ್ದ ಗುತ್ತಿಗೆದಾರ, ನಾನು ಕೆಲಸಕ್ಕೆ ಸೇರಿದ ದಿನವೇ ಅದನ್ನು ಮಾಡಿಸಿಕೊಟ್ಟಿದ್ದ.

“ಸರ್, ನಂದು ಲೈಸೆನ್ಸ್ ಅದ ರೀ,” ಎಂದು ಮೇಜಿನ ಮೇಲಿಟ್ಟೆ.

ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೀದರ್ ಕಡೆಯವರು, ಮಾತು ಮೆತ್ತಗೆ.

“ಇದು ಲೈಸೆನ್ಸ್ ಅಲ್ಲಮ್ಮ. ಗಾರ್ಡ್ ಕೆಲಸ ಮಾಡ್ಲಿಕ್ಕ ಲೈಸೆನ್ಸೇ ಬೇಕಾಗಿಲ್ಲ. ತರಬೇತಿ ಆಗಿರಬೇಕು, ಪೊಲೀಸ್ ವೆರಿಫಿಕೇಶನ್ ಆಗಿರಬೇಕು, ಮೈಯಾಗ ತಾಕತ್ತಿರಬೇಕು. ಲೈಸೆನ್ಸ್ ಬೇಕಾಗೋದು ನಿಮ್ಮನ್ನ ಇಲ್ಲಿಗಿ ಕಳಿಸ್ಯಾನಲ್ಲ, ಅವನಿಗಿ. ಅವನದು ಎಲ್ಲದ?”

ಇಷ್ಟು ವರ್ಷ ಆ ಕಾರ್ಡನ್ನು ರವಿಕೆಯೊಳಗೆ ಇಟ್ಟುಕೊಂಡು ತಿರುಗಿದ್ದೆ. ಒಮ್ಮೆ ಪೊಲೀಸರಿಗೇ ತೋರಿಸಿದ್ದೆ, ಅವರೂ ನೋಡಿ ವಾಪಸ್ ಕೊಟ್ಟಿದ್ದರು. ತರಬೇತಿ ಅಂದರೆ ಏನು ಅಂತ ನಮ್ಮ ಹನ್ನೊಂದು ಮಂದಿಯಲ್ಲಿ ಯಾರೂ ಕಂಡಿರಲಿಲ್ಲ. ಮೊದಲ ದಿನ ಬಾಗಿಲು ತೋರಿಸಿ, “ಸುಮ್ಮ ಸುಮ್ಮನ ಯಾರಿಗೂ ಒಳಗ ಬಿಡಬ್ಯಾಡ,” ಅಂದಿದ್ದೇ ನಮ್ಮ ತರಬೇತಿ.

ಗುತ್ತಿಗೆದಾರ ಮೊದಲು “ನಾಳಿ ತರ್ತೀನಿ” ಅಂದ. ಆಮೇಲೆ “ಆಫೀಸಿನಾಗ ಅದ” ಅಂದ. ವಾರ ಕಳೆಯುವಷ್ಟರಲ್ಲಿ ಫೋನ್ ಎತ್ತುವುದನ್ನೇ ಬಿಟ್ಟ. ಅವನ ಹತ್ತಿರ ಯಾವ ಲೈಸೆನ್ಸೂ ಇರಲಿಲ್ಲ.

ಅಧಿಕಾರಿ ನಮ್ಮೆಲ್ಲರನ್ನೂ ಕರೆದು ನಿಲ್ಲಿಸಿ ಹೇಳಿದರು: “ಮಾರ್ಚ್ ಕೊನೆತನಕ ಆಸ್ಪತ್ರೆನೇ ನಿಮ್ಮನ್ನ ನೇರ ಇಟ್ಕೊಂತದ. ಹಂಗ ಇಟ್ಕೊಂಡ್ರ ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ ಕಾಯ್ದೆ ಲಾಗೂ ಆಗಂಗಿಲ್ಲ. ಆದ್ರ ಕಾಯಂ ಹಿಂಗ ನಡಸ್ಲಿಕ್ಕ ಆಗಲ್ಲ. ಏಪ್ರಿಲ್‌ನಿಂದ ಲೈಸೆನ್ಸ್ ಇದ್ದ ಏಜೆನ್ಸಿ ಬರ್ತದ. ಅವರು ನಿಮ್ಮನ್ನೇ ಇಟ್ಕೊಂತಾರೋ, ತಮ್ಮ ಮಂದಿನ್ನ ತರ್ತಾರೋ, ಅದು ನನ್ನ ಕೈಯಾಗಿಲ್ಲ.”

ಎಲ್ಲರೂ ನೆಲ ನೋಡುತ್ತ ನಿಂತರು. ನನ್ನ ತಲೆಯಲ್ಲಿ ಮಾತ್ರ ಬೇರೊಂದು ಓಡುತ್ತಿತ್ತು.

“ಸರ್, ಆ ಲೈಸೆನ್ಸ್ ಯಾರಿಗಿ ಕೊಡ್ತಾರ್ರಿ?”

“ಅರ್ಜಿ ಹಾಕಿ, ಷರತ್ತು ಪೂರೈಸಿದವರಿಗಿ.”

“ನಮ್ಮಂಥವರು ಹಾಕಬಹುದೇನ್ರಿ?”

ಅವರು ನಗಲಿಲ್ಲ. ಕನ್ನಡಕ ತೆಗೆದು ಒಂದು ಕ್ಷಣ ನನ್ನನ್ನು ನೋಡಿದರು. “ಹಾಕಬಾರದು ಅಂತ ಎಲ್ಲೂ ಬರ್ದಿಲ್ಲ ನೋಡಮ್ಮ,” ಎಂದರು.

ಅಂದು ನನ್ನ ಪಾಳಿ ಎರಡಕ್ಕೆ ಮುಗಿಯಿತು. ಮನೆಗೆ ಹೋಗಲಿಲ್ಲ. ಮುಖ್ಯ ಗೇಟಿನಲ್ಲಿದ್ದ ಹವಾಲ್ದಾರ ಚಾಚಾನ ಹತ್ತಿರ ಹೋದೆ. ಚಿಂಚೋಳಿಯವರು, ಸೈನ್ಯದಿಂದ ನಿವೃತ್ತರಾಗಿ ಬಂದು ಸೇಡಂನಲ್ಲಿ ಕೋಣೆ ಮಾಡಿಕೊಂಡಿದ್ದರು. ಅರವತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

“ಬೇಟಿ, ಫೌಜಿನಾಗ ಇದ್ದವರಿಗಿ ಇದರಾಗ ಮೊದಲ ಆದ್ಯತೆ ಅದ ಅಂತ ಕೇಳೀನಿ. ನನ್ನ ಹೆಸರು ಹಾಕಮು, ನಿನ್ನ ಹೆಸರು ಹಾಕಮು. ನೋಡೇ ಬಿಡಮು.”

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ. ಅದನ್ನು ನಡೆಸುತ್ತಿದ್ದ ಹುಡುಗಿ ಪಹಣಿ, ಜಾತಿ ಪ್ರಮಾಣಪತ್ರ ಅಂತ ದಿನವೂ ನೂರೆಂಟು ಅರ್ಜಿ ತುಂಬುವವಳು. ಇಂಥದ್ದನ್ನು ಅವಳೂ ತುಂಬಿರಲಿಲ್ಲ. ಆದರೆ ನಮಗಿಂತ ಹೆಚ್ಚು ಉಮೇದು ಅವಳಿಗೇ ಬಂತು. ನಿಯಮಗಳ ಪುಟಗಳನ್ನೆಲ್ಲ ಪ್ರಿಂಟ್ ತೆಗೆದು, ಗ್ರಾಹಕರಿಲ್ಲದ ಹೊತ್ತಿನಲ್ಲಿ ಒಂದೊಂದೇ ಸಾಲು ಓದಿ ಅರ್ಥ ಹೇಳತೊಡಗಿದಳು.

“ಅಕ್ಕಾ, ಇದು ಕೇಳ್ರಿ. ಗಾರ್ಡ್ ಆಗ್ಲಿಕ್ಕ ನೂರು ತಾಸು ಪಾಠ, ಅರವತ್ತು ತಾಸು ಮೈದಾನ. ಕಮ್ಮಿ ಅಂದ್ರೂ ಇಪ್ಪತ್ತು ದಿನ.”

“ಮತ್ತ ಮಾಲೀಕರಿಗಿ?”

ಅವಳು ಪುಟ ತಿರುಗಿಸಿ ಹುಡುಕಿದಳು. ಹುಡುಕಿ ಜೋರಾಗಿ ನಕ್ಕಳು. “ಆರು ದಿನ!”

ಹವಾಲ್ದಾರ ಚಾಚಾ ಕೂಡ ನಕ್ಕರು. ಬಾಗಿಲಿನಲ್ಲಿ ನಿಲ್ಲುವವರಿಗೆ ಇಪ್ಪತ್ತು ದಿನ ತರಬೇತಿ, ಲೈಸೆನ್ಸ್ ಇಲ್ಲ. ಅವರನ್ನು ನಿಲ್ಲಿಸುವವರಿಗೆ ಆರು ದಿನ ತರಬೇತಿ, ಲೈಸೆನ್ಸ್ ಕಡ್ಡಾಯ. ಮೊದಮೊದಲು ಇದು ಉಲ್ಟಾ ಅನ್ನಿಸಿತು. ಓದುತ್ತ ಹೋದಂತೆ ತಿಳಿಯಿತು. ಗಾರ್ಡಿನ ಹೊಣೆ ಆ ಒಂದು ಬಾಗಿಲಿನದು. ಮಾಲೀಕನ ಹೊಣೆ ಅವನು ನಿಲ್ಲಿಸಿದ ಪ್ರತಿಯೊಬ್ಬರದು. ಯಾರಿಗೆ ತರಬೇತಿ ಆಗಿದೆ, ಯಾರ ಹಿನ್ನೆಲೆ ಏನು, ಯಾರ ಕೊರಳಲ್ಲಿ ಯಾವ ಗುರುತಿನ ಚೀಟಿ, ಎಲ್ಲಕ್ಕೂ ಸರ್ಕಾರ ಕೇಳುವುದು ಅವನನ್ನು. ಲೈಸೆನ್ಸ್ ಇಲ್ಲದೆ ನಡೆಸಿದರೆ ಜೈಲೂ ಆಗಬಹುದು.

ಒಂದು ಜಿಲ್ಲೆಗೆ, ಐದು ಜಿಲ್ಲೆಗೆ, ಇಡೀ ರಾಜ್ಯಕ್ಕೆ ಅಂತ ಮೂರು ಬಗೆಯ ಅರ್ಜಿ ಇತ್ತು. ನಾವು ಒಂದೇ ಜಿಲ್ಲೆಗೆ ಹಾಕಿದೆವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲ ಕಲಬುರಗಿ ಜಿಲ್ಲೆಯೊಳಗೇ ಇವೆ. ಅದರಾಚೆ ನಮಗೇನೂ ಕೆಲಸವಿರಲಿಲ್ಲ.

ನಂತರದ ಮೂರು ವಾರ ನನಗೆ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ. ಎರಡಕ್ಕೆ ಪಾಳಿ ಮುಗಿದರೆ ಮೂರಕ್ಕೆ ಯಾವುದಾದರೂ ಕಚೇರಿಯ ಮುಂದೆ. ಪಾಲುದಾರಿಕೆ ಪತ್ರ ಬರೆಸಿದೆವು, ಅದರಲ್ಲಿ ಭದ್ರತಾ ಸೇವೆಯೇ ನಮ್ಮ ಉದ್ದೇಶ ಅಂತ ಸ್ಪಷ್ಟವಾಗಿ ಇರಬೇಕಿತ್ತು. ಅಂಗಡಿ ನೋಂದಣಿ ಆಯಿತು. ಕಲಬುರಗಿಯ ಒಂದು ಮಾನ್ಯತೆ ಪಡೆದ ತರಬೇತಿ ಸಂಸ್ಥೆಯ ಜೊತೆ, ನಮ್ಮ ಗಾರ್ಡುಗಳಿಗೆ ಅಲ್ಲೇ ತರಬೇತಿ ಕೊಡಿಸುತ್ತೇವೆ ಅಂತ ಒಪ್ಪಂದ ಆಯಿತು. ಸಮವಸ್ತ್ರದ ಫೋಟೋ ಕೂಡ ಕಳಿಸಬೇಕಿತ್ತು. ಚಾಚಾ ತಮ್ಮ ಪರಿಚಯದ ದರ್ಜಿಯಿಂದ ಖಾಕಿ ಬಟ್ಟೆಯದೇ ಒಂದು ಜೋಡಿ ಹೊಲಿಸಿ ತಂದರು. ನಾನು ಅದನ್ನು ಹಾಕಿಕೊಂಡು ಅಂಗಡಿಯ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಹುಡುಗಿ ಫೋನ್ ಎತ್ತಿದವಳು ಹಾಗೇ ಇಳಿಸಿದಳು.

“ಅಕ್ಕಾ, ನೀವು ಥೇಟ್ ಪೊಲೀಸರಂಗ ಕಾಣ್ಲಿಕತ್ತೀರಿ. ಪೊಲೀಸರು, ಫೌಜಿನವರು ಹಾಕೋ ಥರದ್ದು ಇರಬಾರದು ಅಂತ ಅದ.”

ಚಾಚಾನ ಮುಖ ಸಣ್ಣದಾಯಿತು. ಮತ್ತೆ ಬೂದು ಬಣ್ಣದ ಪ್ಯಾಂಟು, ತಿಳಿ ನೀಲಿ ಅಂಗಿ ಹೊಲಿಸಿದೆವು. ತೋಳಿನ ಮೇಲೆ ಸಂಸ್ಥೆಯ ಪಟ್ಟಿ, ಎಡ ಜೇಬಿನಲ್ಲಿ ದಾರ ಕಟ್ಟಿದ ಸೀಟಿ, ಲೇಸ್ ಇರುವ ಬೂಟು, ತಲೆಗೆ ಟೋಪಿ. ಎಲ್ಲ ನಿಯಮದಲ್ಲಿ ಇದ್ದ ಹಾಗೇ. ಫೆಬ್ರುವರಿಯ ಒಂದು ಮಧ್ಯಾಹ್ನ ಹುಡುಗಿ ಕೊನೆಯ ಗುಂಡಿ ಒತ್ತಿದಳು. ಅರ್ಜಿಯ ನಂಬರು ಬಂತು. ಅದನ್ನು ಅಂಗೈಯ ಮೇಲೆ ಬರೆದುಕೊಂಡು ಮನೆಗೆ ಹೋದೆ.

ಎಂಟು ದಿನಕ್ಕೆ ಎಲ್ಲ ನಿಂತುಹೋಯಿತು.

ಅರ್ಜಿದಾರರ ಹಿನ್ನೆಲೆ ನೋಡಲು ಚಿಂಚೋಳಿ ಕಡೆಯ ಠಾಣೆಯಿಂದ ಚಾಚಾಗೆ ಕರೆ ಬಂತು. ಹೋಗಿ ಬಂದವರು ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತರು. ಎದ್ದೇಳಲೇ ಇಲ್ಲ. ನಾನೇ ನೀರು ಒಯ್ದು ಕೊಟ್ಟೆ.

“ನನ್ನ ಮ್ಯಾಲ ಒಂದು ಕೇಸ್ ಅದ ಅಂತ, ಬೇಟಿ.”

ಬಹಳ ಹಿಂದೆ ಹೊಲದ ಬದುವಿನ ವಿಷಯಕ್ಕೆ ಪಕ್ಕದ ಹೊಲದವರ ಜೊತೆ ಚಾಚಾ ಕೈಕೈ ಮಿಲಾಯಿಸಿದ್ದರು. ದೂರು ದಾಖಲಾಗಿತ್ತು. ಆಮೇಲೆ ಹಿರಿಯರು ಕೂತು ರಾಜಿ ಮಾಡಿಸಿದ್ದರು. ಎರಡೂ ಮನೆಯವರು ಒಬ್ಬರ ಮದುವೆಗೆ ಇನ್ನೊಬ್ಬರು ಹೋಗಿಬರುತ್ತಿದ್ದರು. ಆದರೆ ರಾಜಿ ಆಗಿದ್ದು ಊರಲ್ಲಿ, ಕೋರ್ಟಿನಲ್ಲಲ್ಲ. ಅಲ್ಲಿ ಆ ಕೇಸು ಇನ್ನೂ ಜೀವಂತವಾಗಿತ್ತು. ನಾವು ಕೊಟ್ಟ ಪ್ರಮಾಣಪತ್ರದಲ್ಲಿ ‘ನಮ್ಮ ಮೇಲೆ ಯಾವುದೇ ಪ್ರಕರಣ ಬಾಕಿ ಇಲ್ಲ’ ಅಂತ ಚಾಚಾ ಸಹಿ ಮಾಡಿದ್ದರು.

“ಸುಳ್ಳು ಸಹಿ ಹಾಕಿದಂಗ ಆಯ್ತಲ್ಲ ನಾ,” ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. “ಇಷ್ಟು ವರ್ಷ ಫೌಜಿನಾಗ ಇದ್ದವ, ಸುಳ್ಳು ಸಹಿ ಹಾಕಿದೆ.”

“ನಿಮಗ ಗೊತ್ತಿರಲಿಲ್ಲ ಚಾಚಾ.”

“ಗೊತ್ತು ಮಾಡ್ಕೋಬೇಕಿತ್ತು.”

ಮರುದಿನವೇ ನಿಜಸಂಗತಿ ಬರೆದು ಅರ್ಜಿ ವಾಪಸ್ ತೆಗೆದುಕೊಂಡೆವು. ಆಡಳಿತಾಧಿಕಾರಿಗೂ ತಿಳಿಸಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

ಹೀಗಿರುವಾಗ ಒಂದು ದಿನ ಕಲಬುರಗಿಯ ಏಜೆನ್ಸಿಯೊಂದರ ಮಾಲೀಕ ಕಾರಿನಲ್ಲಿ ಬಂದಿಳಿದ. ಆಸ್ಪತ್ರೆಗೆ ದರಪಟ್ಟಿ ಕೊಡಲು ಬಂದವನು, ನಮ್ಮ ವಿಷಯ ಯಾರಿಂದಲೋ ತಿಳಿದುಕೊಂಡಿದ್ದ. ನಾನು ಪಾಳಿ ಮುಗಿಸಿ ಹೊರಗೆ ಬರುವುದನ್ನೇ ಕಾಯುತ್ತಿದ್ದ. ಚಹದ ಅಂಗಡಿಯಲ್ಲಿ ಕೂರಿಸಿ ಬಹಳ ಮರ್ಯಾದೆಯಿಂದ ಮಾತಾಡಿದ.

“ಅಕ್ಕೋರೆ, ನೀವು ಯಾಕ ಇಷ್ಟು ತ್ರಾಸ್ ತೊಗೊಳ್ಳಾಕತ್ತೀರಿ? ನನ್ನ ಹತ್ರ ಲೈಸೆನ್ಸ್ ಅದ. ಅದರ ಮ್ಯಾಲ ನೀವು ನಡಸ್ರಿ. ಬೋರ್ಡ್ ನಂದು, ಮಂದಿ ನಿಮ್ಮವರು. ಏಪ್ರಿಲ್ ಒಂದಕ್ಕ ನೀವೇ ಮಾಲೀಕರು, ಹನ್ನೊಂದು ಮಂದೀದೂ ನೌಕ್ರಿ ಉಳೀತದ. ನನಗ ತಿಂಗಳಿಗಿ ಏನೋ ಒಂದು ಕೊಡ್ರಿ, ಆಯ್ತು.”

“ತರಬೇತಿ?”

“ಸರ್ಟಿಫಿಕೇಟ್ ನಾ ಮಾಡಿಸಿಕೊಡ್ತೀನಿ. ಅದೆಲ್ಲಾ ಕಾಗದದ ಕೆಲಸ.”

ನಾನು ಕೂಡಲೇ ಬೇಡ ಅನ್ನಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹನ್ನೊಂದು ಮಂದಿಯ ಮುಖ ಕಣ್ಮುಂದೆ ಬಂತು. ಎರಡು ದಿನ ಟೈಮ್ ಕೇಳಿ ಎದ್ದೆ. ಸಂಜೆ ಕಂಪ್ಯೂಟರ್ ಅಂಗಡಿಯಲ್ಲಿ ಚಾಚಾನನ್ನೂ ಕರೆದು ಮೂವರೂ ಕೂತೆವು. ಹುಡುಗಿ ನಿಯಮದ ಪುಟ ತೆಗೆದು, ಲೈಸೆನ್ಸ್ ಯಾರ ಹೆಸರಿಗಿದೆಯೋ ಅವರು ಮಾತ್ರ ನಡೆಸಬೇಕು ಅಂದಳು. ಆದರೆ ನನ್ನನ್ನು ತಡೆದದ್ದು ಆ ಪುಟವಲ್ಲ. “ಅದೆಲ್ಲಾ ಕಾಗದದ ಕೆಲಸ” ಅಂದನಲ್ಲ, ಆ ಮಾತು. ನಮ್ಮ ಹಳೆಯ ಗುತ್ತಿಗೆದಾರ ಹಾಗೇ ಅನ್ನುತ್ತಿದ್ದ. ನಾಳೆ ವಾರ್ಡಿನಲ್ಲಿ ಬೆಂಕಿ ಬಿದ್ದು, ನಂದಿಸುವ ಸಿಲಿಂಡರ್ ಹಿಡಿಯಲು ಬಾರದ ಗಾರ್ಡಿನ ಕೈಯಲ್ಲಿ ಸರ್ಟಿಫಿಕೇಟ್ ಇದ್ದರೆ ಏನು ಬಂತು? ಹೆತ್ತ ತಾಯಂದಿರು, ಅವರ ಪಕ್ಕದ ಕೂಸುಗಳು, ಎಲ್ಲ ಇರುವುದು ಆ ಬಾಗಿಲಿನ ಒಳಗೇ.

“ಬ್ಯಾಡ,” ಎಂದೆ.

ಚಾಚಾ ತಲೆಯಾಡಿಸಿದರು. “ಹಂಗಾದ್ರ ಇವತ್ತೇ ಹೊಸ ಅರ್ಜಿ ತುಂಬಮು. ನನ್ನ ಹೆಸರು ಬಿಟ್ಟು. ನಿನ್ನ ಒಬ್ಬಾಕಿ ಹೆಸರಿಲೆ.”

ಅಲ್ಲಿತನಕ ನನ್ನ ಮನಸ್ಸಿನಲ್ಲಿ ಮಾಲೀಕರು ಅಂದರೆ ಚಾಚಾ. ನಾನು ಅವರ ಹಿಂದೆ ಓಡಾಡುವವಳು.

“ಚಾಚಾ, ನಾ ಬಾಗಿಲದಾಗ ನಿಲ್ಲಾಕಿ ರೀ. ಕಂಪನಿ ಅಂದ್ರ...”

“ಬಾಗಿಲದಾಗ ನಿಂತವರಿಗೇ ಬಾಗಿಲು ಗೊತ್ತಿರ್ತದ. ನನ್ನ ಕೇಸು ಕೋರ್ಟಿನಾಗ ಮುಗೀಲಿ. ಮುಗಿದ ಮ್ಯಾಲ ನಾ ನಿನ್ನ ಕೈ ಕೆಳಗ ಸೂಪರ್‌ವೈಸರ್ ಆಗಿ ಬರ್ತೀನಿ. ಸಲ್ಯೂಟ್ ಹೊಡೀತೀನಿ, ನೋಡ್ತಿರು.”

ಹುಡುಗಿ ಆಗಲೇ ನನ್ನ ಹೆಸರು ಟೈಪ್ ಮಾಡಿದ್ದಳು. ‘ಅರ್ಜಿದಾರರು’ ಅನ್ನುವ ಜಾಗದಲ್ಲಿ ಒಂದೇ ಹೆಸರು. ಅದನ್ನು ಪರದೆಯ ಮೇಲೆ ನೋಡಿ ಮೈ ಬಿಸಿಯಾಯಿತು. ಹೆದರಿಕೆಯೋ ಸಂತೋಷವೋ ತಿಳಿಯಲಿಲ್ಲ, ಎರಡೂ ಇದ್ದವು. ಅರ್ಜಿ ಪೂರ್ತಿ ಇದ್ದರೆ ಅರವತ್ತು ದಿನದಲ್ಲಿ ತೀರ್ಮಾನ ಆಗಬೇಕು ಅಂತ ನಿಯಮ. ಮಾರ್ಚ್ ಎರಡನೆಯ ವಾರ ಅದು. ಲೆಕ್ಕ ಹಾಕಿದರೆ ಮೇ ಬರುತ್ತಿತ್ತು. ಆಸ್ಪತ್ರೆ ಕೊಟ್ಟ ಗಡುವು ಮಾರ್ಚ್ ಕೊನೆ.

ಆಡಳಿತಾಧಿಕಾರಿಯ ಮುಂದೆ ಹೋಗಿ ಎಲ್ಲ ಹೇಳಿದೆ. ಬಾಡಿಗೆ ಲೈಸೆನ್ಸ್ ಬೇಡ ಅಂದದ್ದನ್ನೂ ಹೇಳಿದೆ. ಅವರು ಆಸ್ಪತ್ರೆಯ ಹಿರಿಯರ ಜೊತೆ ಮಾತಾಡಿ ಎರಡು ದಿನದ ನಂತರ ಕರೆದರು. ಮುಖ್ಯ ಗೇಟು, ವಾಹನ ನಿಲ್ಲಿಸುವ ಜಾಗ ಏಪ್ರಿಲ್‌ನಿಂದ ಹೊರಗಿನ ಏಜೆನ್ಸಿಗೆ. ಹೆರಿಗೆ ವಾರ್ಡು, ಹೆಂಗಸರ ವಾರ್ಡುಗಳಿಗೆ ತರಬೇತಿಯಾದ ಹೆಣ್ಣು ಗಾರ್ಡುಗಳು ಸಿಗುವುದು ಕಷ್ಟ. ಅಲ್ಲಿಯ ಏಳು ಮಂದಿ ಮೇ ಕೊನೆತನಕ ನೇರ ನೌಕರಿಯಲ್ಲೇ ಇರಬಹುದು, ಆದರೆ ಅಷ್ಟರೊಳಗೆ ಎಲ್ಲರ ತರಬೇತಿ ಆಗಿರಬೇಕು.

ಗಂಡಸರು ನಾಲ್ವರ ಜಾಗ ಹೋಯಿತು. ಇಬ್ಬರನ್ನು ಹೊಸ ಏಜೆನ್ಸಿ ಇಟ್ಟುಕೊಂಡಿತು. ಒಬ್ಬ ವಾಡಿ ಕಡೆ ಕೆಲಸ ಹುಡುಕಿಕೊಂಡ. ಚಾಚಾ ಕೋರ್ಟಿನ ಕೆಲಸ ಮುಗಿಸುತ್ತೇನೆ ಅಂದರು. ಆದರೆ ಚಿಂಚೋಳಿಗೆ ಹೊರಡುವ ಮುಂಚೆ ಎರಡು ವಾರ ನಮ್ಮನ್ನು ಬಿಡಲಿಲ್ಲ. ಗಾರ್ಡ್ ಆಗುವವರು ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು ಅಂತ ನಿಯಮದಲ್ಲಿತ್ತು. ನಾವು ಏಳು ಹೆಂಗಸರು ಕೊನೆಯದಾಗಿ ಓಡಿದ್ದು ಶಾಲೆಯಲ್ಲಿ.

ಬೆಳಗಿನ ಐದೂವರೆಗೆ ಕಾಲೇಜು ಮೈದಾನ. ನಮ್ಮಲ್ಲಿ ಹಿರಿಯಳು ಕುರಕುಂಟಾದ ಅಕ್ಕ. ಅವಳು ಹುಟ್ಟಿದಾಗಿನಿಂದ ಲೇಸ್ ಇರುವ ಬೂಟು ಹಾಕಿದವಳಲ್ಲ. ಮೊದಲ ದಿನ ಲೇಸ್ ಬಿಚ್ಚಿ ಅದನ್ನೇ ತುಳಿದು ಬಿದ್ದಳು. ಚಾಚಾ ಮಂಡಿಯೂರಿ ಕೂತು ಎರಡು ಗಂಟು ಹಾಕುವುದನ್ನು ತೋರಿಸಿಕೊಟ್ಟರು. ಎರಡನೆಯ ದಿನ ಎಂಟು ನಿಮಿಷ ದಾಟಿತು. ಅವಳು ಹುಲ್ಲಿನ ಮೇಲೆ ಮಲಗಿಬಿಟ್ಟಳು.

“ಯವ್ವಾ ತಂಗೀ, ನಾ ಬಾಗಿಲು ಕಾಯ್ಲಿಕ್ಕ ಬಂದಾಕಿ. ಕಳ್ಳ ಓಡಿದ್ರ ಓಡ್ಲಿ ಬಿಡು.”

“ನೀ ಓಡದಿದ್ರ ಕಳ್ಳನ ನೌಕ್ರಿ ಕಾಯಂ ಆಗ್ತದ, ನಿಂದು ಹೋಗ್ತದ,” ಎಂದರು ಚಾಚಾ. ಮಲಗಿದಲ್ಲೇ ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು.

ವಾರ್ಡು ಖಾಲಿ ಬಿಡುವಂತಿರಲಿಲ್ಲ. ಅದಕ್ಕೆ ಎರಡು ತಂಡವಾಗಿ ಕಲಬುರಗಿಗೆ ಹೋದೆವು, ಮೊದಲು ನಾಲ್ವರು, ಆಮೇಲೆ ಮೂವರು. ಉಳಿದವರು ಹೆಚ್ಚುವರಿ ಪಾಳಿ ಮಾಡಿ ಬಾಗಿಲು ನೋಡಿಕೊಂಡರು. ಬೆಳಿಗ್ಗೆ ರೈಲು ಹತ್ತಿದರೆ ಚಿತ್ತಾಪುರ, ವಾಡಿ, ಶಹಾಬಾದ ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ನಾವು ನಾಲ್ವರೂ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಬ್ಬರಿಗೊಬ್ಬರು ಪ್ರಶ್ನೆ ಕೇಳುತ್ತಿದ್ದೆವು.

ಆ ಇಪ್ಪತ್ತು ದಿನಗಳಂಥ ದಿನಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸಿಲಿಂಡರಿನ ಪಿನ್ನು ಕಿತ್ತು, ಕೊಳವೆಯನ್ನು ಉರಿಯ ತುದಿಗಲ್ಲ, ಬುಡಕ್ಕೆ ಹಿಡಿಯಬೇಕು. ಮೈ ತಪಾಸಣೆ ಮಾಡುವಾಗ ಮೊದಲು ಹೇಳಿ, ಒಪ್ಪಿಗೆ ಕೇಳಿ, ಆಮೇಲೆ ಲೋಹ ಪತ್ತೆ ಮಾಡುವ ಕೈಯಂತ್ರ ಹಿಡಿಯಬೇಕು. ಏನಾದರೂ ನಡೆದರೆ ‘ನನಗೆ ಅನ್ನಿಸಿತು’ ಅಂತ ಬರೆಯಬಾರದು, ‘ನಾನು ಕಂಡೆ’ ಅಂತ ಬರೆಯಬೇಕು. ಪೊಲೀಸರ, ಸೈನ್ಯದವರ ಹೆಗಲ ಮೇಲಿನ ಗುರುತು ನೋಡಿ ಹುದ್ದೆ ಹೇಳಬೇಕು. ಇದರಲ್ಲಿ ಕುರಕುಂಟಾದ ಅಕ್ಕನೇ ಎಲ್ಲರಿಗಿಂತ ಚುರುಕು. ಶಹಾಬಾದ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದ ಒಬ್ಬ ಅಧಿಕಾರಿಯನ್ನು ಕಿಟಕಿಯಿಂದ ನೋಡಿ, “ಮೂರು ನಕ್ಷತ್ರ, ಇನ್‌ಸ್ಪೆಕ್ಟರ್!” ಅಂತ ಕೂಗಿದಳು. ಅವರು ತಿರುಗಿ ನೋಡಿದರು. ನಾವು ನಾಲ್ವರೂ ಕಿಟಕಿಯ ಕೆಳಗೆ ಬಗ್ಗಿದೆವು.

ಓಟದ ಪರೀಕ್ಷೆಯ ದಿನ ಏಪ್ರಿಲ್ ಬಿಸಿಲು ಬೆಳಿಗ್ಗೆಯೇ ಏರಿತ್ತು. ನಾನು ಮುಗಿಸಿ ಗೆರೆಯ ಹತ್ತಿರ ನಿಂತಿದ್ದೆ. ಅಕ್ಕ ಕೊನೆಯ ಸುತ್ತಿನಲ್ಲಿದ್ದಳು. ಟೋಪಿ ಎಲ್ಲೋ ಬಿದ್ದುಹೋಗಿತ್ತು, ಮುಖ ಕೆಂಡದ ಹಾಗೆ ಆಗಿತ್ತು. ತರಬೇತುದಾರರು ಗಡಿಯಾರ ಹಿಡಿದು ನಿಂತಿದ್ದರು. ನಾವು ಮೂವರೂ ಗಂಟಲು ಹರಿಯುವ ಹಾಗೆ ಕೂಗಿದೆವು. ಅವಳು ಗೆರೆ ದಾಟಿ ನನ್ನ ಮೇಲೇ ಬಿದ್ದಳು.

“ಐದು ನಿಮಿಷ ಐವತ್ತೆರಡು,” ಎಂದರು ತರಬೇತುದಾರರು.

“ಪಾಸೇನು ತಂಗೀ?”

“ಪಾಸಕ್ಕಾ, ಪಾಸು!”

ಅವಳು ಅಳತೊಡಗಿದಳು. ಆಮೇಲೆ ಟೋಪಿ ಹುಡುಕಲು ಹೋದಳು.

ಆ ಖುಷಿಯಲ್ಲೇ ಸೇಡಂಗೆ ಬಂದರೆ ಕಂಪ್ಯೂಟರ್ ಅಂಗಡಿಯ ಹುಡುಗಿ ಮುಖ ಬಾಡಿಸಿಕೊಂಡು ಕೂತಿದ್ದಳು. ನನ್ನ ಪೊಲೀಸ್ ವರದಿ ಬಂದಿತ್ತು. ಸೇಡಂ ವಿಳಾಸ ಸರಿ. ಹಿಂದಿನ ವಿಳಾಸ ವಾಡಿಯದು. ಅದರ ಮುಂದೆ ‘ಅರ್ಜಿದಾರರು ಈ ವಿಳಾಸದಲ್ಲಿ ವಾಸವಿದ್ದ ಬಗ್ಗೆ ಖಚಿತವಾಗಿಲ್ಲ’ ಅಂತ ಬರೆದಿತ್ತು.

ನಾವು ವಾಡಿಯಲ್ಲಿ ಬಾಡಿಗೆಗೆ ಇದ್ದದ್ದು ನಿಜ. ಕರಾರು ಪತ್ರ ಅಂತೇನೂ ಮಾಡಿಸಿರಲಿಲ್ಲ. ಮನೆಯ ಮಾಲೀಕರು ಮನೆ ಮಾರಿ ಹೈದರಾಬಾದಿಗೆ ಹೋಗಿದ್ದರು. ಮನೆಗೆ ಬೀಗ ಬಿದ್ದಿತ್ತು. ಕಾನ್‌ಸ್ಟೇಬಲ್ ಬೀಗ ನೋಡಿ, ಕಂಡದ್ದನ್ನು ಬರೆದಿದ್ದರು. ತರಬೇತಿಯಲ್ಲಿ ನಮಗೂ ಹಾಗೇ ಬರೆಯಲು ಕಲಿಸಿದ್ದರಿಂದ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮರುದಿನ ರಜೆ ಹಾಕಿ ಮೊದಲ ರೈಲಿಗೆ ವಾಡಿಗೆ ಹೋದೆ. ಹಳೆಯ ಓಣಿಯಲ್ಲಿ, ನಮ್ಮ ಮನೆಯ ಎದುರಿಗೇ ಇದ್ದ, ನಾವು ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದ ಹಿರಿಯ ಹೆಂಗಸು ಬಾಗಿಲು ತೆಗೆದವರು ನನ್ನ ಗುರುತು ಹಿಡಿದು ಎರಡೂ ಕೈಯಿಂದ ಗಲ್ಲ ಹಿಡಿದರು. ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದವರು ಅವರು. ವಿಷಯ ಹೇಳಿದೆ.

“ಯಾರ್ ಬರ್ದಾರ ನೀ ಇಲ್ಲಿ ಇರಲಿಲ್ಲಂತ? ನಡಿ, ನಾ ಬರ್ತೀನಿ ಠಾಣಾಕ್ಕ.”

ಅಡುಗೆ ಒಲೆಯ ಮೇಲೇ ಬಿಟ್ಟು, ಬುರ್ಖಾ ಹಾಕಿಕೊಂಡು ನನಗಿಂತ ಮುಂದೆ ನಡೆದರು. ಠಾಣೆಯಲ್ಲಿ ಅದೇ ಕಾನ್‌ಸ್ಟೇಬಲ್ ಸಿಕ್ಕರು. ನನ್ನ ಹತ್ತಿರ ಹಳೆಯ ರೇಷನ್ ಕಾರ್ಡು, ಮಗಳ ಅಂಗನವಾಡಿ ಚೀಟಿ, ಲಸಿಕೆ ಕಾರ್ಡು ಇದ್ದವು. ಮೂರರಲ್ಲೂ ಅದೇ ಓಣಿಯ ವಿಳಾಸ. ಅವರು ಸಮಾಧಾನದಿಂದ ಎಲ್ಲ ಓದಿದರು. ಖಾಲಾನ ಹೇಳಿಕೆ ಬರೆದುಕೊಂಡರು. ಮತ್ತೆ ಓಣಿಗೆ ಬಂದು ಇನ್ನೂ ಎರಡು ಮನೆಯಲ್ಲಿ ವಿಚಾರಿಸಿದರು. ಹೋಗುವಾಗ ಖಾಲಾ ಅವರನ್ನು ಕೇಳಿದರು: “ಸಾಹೇಬ್ರ, ಈಕಿಗಿ ಏನ್ ನೌಕ್ರಿ ಕೊಡ್ಲಿಕತ್ತೀರಿ?”

“ನೌಕ್ರಿ ಅಲ್ಲಮ್ಮ,” ಎಂದರು ಕಾನ್‌ಸ್ಟೇಬಲ್. “ಈಕಿನೇ ಬ್ಯಾರೆಯವರಿಗಿ ನೌಕ್ರಿ ಕೊಡೋ ಲೈಸೆನ್ಸ್ ಇದು.”

ಖಾಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಊಟ ಮಾಡಿಸದೆ ಬಿಡಲಿಲ್ಲ.

ಪರಿಷ್ಕೃತ ವರದಿ ಹೋಯಿತು. ಎರಡನೆಯ ತಂಡದ ಮೂವರೂ ಪಾಸಾದರು, ಏಳೂ ಮಂದಿಯ ಪೊಲೀಸ್ ವೆರಿಫಿಕೇಶನ್ ಆಯಿತು. ಮಾಲೀಕರಿಗಿರುವ ಆರು ದಿನದ ತರಬೇತಿಯನ್ನೂ ಮುಗಿಸಿದೆ. ಆ ತರಗತಿಯಲ್ಲಿ ನಿವೃತ್ತ ಅಧಿಕಾರಿಗಳು, ದೊಡ್ಡ ಗುತ್ತಿಗೆದಾರರ ನಡುವೆ ಬಾಗಿಲಲ್ಲಿ ನಿಂತು ಬಂದವಳು ನಾನೊಬ್ಬಳೇ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೂಸು ಕಳವಾಗದಂತೆ ಏನು ಮಾಡಬೇಕು ಅಂತ ಪಾಠ ಬಂದಾಗ, ಹೇಳುತ್ತಿದ್ದವರು ನಿಲ್ಲಿಸಿ ನನ್ನನ್ನೇ ಎಬ್ಬಿಸಿದರು. ತಾಯಿಯ ಕೈಪಟ್ಟಿ, ಕೂಸಿನ ಕಾಲಪಟ್ಟಿ ಎರಡರ ನಂಬರನ್ನೂ ಬಾಗಿಲಿನಲ್ಲಿ ತಾಳೆ ನೋಡುವುದು, ಬಿಡುಗಡೆ ಚೀಟಿ ಇಲ್ಲದೆ ಅಜ್ಜಿಯ ಕೈಯಲ್ಲಿದ್ದರೂ ಕೂಸು ಹೊರಗೆ ಹೋಗದಂತೆ ನೋಡಿಕೊಳ್ಳುವುದು, ಹೀಗೆ ಹತ್ತು ನಿಮಿಷ ಮಾತಾಡಿದೆ. ಕೂತ ಮೇಲೂ ಮುಖದ ಮೇಲಿನ ನಗು ಹೋಗಲೊಲ್ಲದು.

ಮೇ ತಿಂಗಳ ಒಂದು ಬೆಳಿಗ್ಗೆ, ಪಾಳಿಯಲ್ಲಿದ್ದಾಗ ಜೇಬಿನಲ್ಲಿ ಫೋನ್ ನಡುಗಿತು. ಡ್ಯೂಟಿಯಲ್ಲಿ ಫೋನ್ ನೋಡುವಂತಿಲ್ಲ ಅಂತ ನಮ್ಮ ಏಳು ಮಂದಿಗೂ ನಾನೇ ನಿಯಮ ಮಾಡಿದ್ದೆ. ನೋಡಲಿಲ್ಲ. ಇನ್ನೊಮ್ಮೆ ನಡುಗಿತು. ಅಂದು ಭೇಟಿಗೆ ಬಂದವರ ಸಾಲು ಮೆಟ್ಟಿಲ ತನಕ ಇತ್ತು. ಒಬ್ಬೊಬ್ಬರ ಚೀಟಿ ನೋಡಿ ಒಳಗೆ ಬಿಡುತ್ತ, ಗಡಿಯಾರದ ಮುಳ್ಳು ಎರಡಕ್ಕೆ ಬರುವಷ್ಟರಲ್ಲಿ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದುಹೋಗಿತ್ತು. ನನ್ನ ಜಾಗಕ್ಕೆ ಕುರಕುಂಟಾದ ಅಕ್ಕ ಬಂದಳು. ಮೆಟ್ಟಿಲಿಳಿದು ಬೇವಿನ ಮರದ ಕೆಳಗೆ ನಿಂತು ಫೋನ್ ತೆಗೆದೆ. ಇಂಗ್ಲಿಷಿನಲ್ಲಿತ್ತು, ಅರ್ಧ ತಿಳಿಯಿತು. ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ತನಕ ಓಡಿದೆ. ಅಷ್ಟು ದೂರವನ್ನು ಎಷ್ಟು ನಿಮಿಷದಲ್ಲಿ ಓಡಿದೆನೋ ಯಾರೂ ನೋಡಲಿಲ್ಲ.

ಹುಡುಗಿ ಓದಿದಳು. ಓದಿ ಕುರ್ಚಿ ಬಿಟ್ಟು ಎದ್ದು ನನ್ನನ್ನು ಅಪ್ಪಿಕೊಂಡಳು. ಪಹಣಿಗೆ ಬಂದಿದ್ದ ರೈತರು ಏನಾಯಿತು ಅಂತ ನೋಡಿದರು. ಪ್ರಿಂಟ್ ಹೊರಗೆ ಬಂತು: ನನ್ನ ಹೆಸರು, ಕಲಬುರಗಿ ಜಿಲ್ಲೆ, ಐದು ವರ್ಷ.

ಚಾಚಾಗೆ ಫೋನ್ ಮಾಡಿದೆ. ಕೋರ್ಟಿನಲ್ಲಿ ಎರಡೂ ಮನೆಯವರು ಒಟ್ಟಿಗೇ ಹೋಗಿ ರಾಜಿ ಅರ್ಜಿ ಕೊಟ್ಟಿದ್ದರು, ಮುಂದಿನ ತಾರೀಖಿಗೆ ಕಾಯುತ್ತಿದ್ದರು.

“ಓದು ಬೇಟಿ,” ಎಂದರು.

ಮೊದಲ ಸಾಲಿನಿಂದ ಕೊನೆಯ ಸಹಿಯ ತನಕ, ಹುಡುಗಿ ಹೇಳಿಕೊಟ್ಟ ಹಾಗೆ, ಓದಿದೆ. “ಇನ್ನೊಂದು ಸಲ ಓದು,” ಎಂದರು. ಮತ್ತೆ ಓದಿದೆ.

ಮರುದಿನ ಆಡಳಿತಾಧಿಕಾರಿಯ ಕೋಣೆಗೆ ಎರಡು ಸಲ ಹೋದೆ. ಬೆಳಿಗ್ಗೆ ಹೋಗಿ ಹೆರಿಗೆ ವಾರ್ಡಿನ ಗಾರ್ಡ್ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಕೈಬರಹದ ನಾಲ್ಕು ಸಾಲು. ಅವರು ಓದಿ, ಸಹಿ ಹಾಕಿ, ಫೈಲಿನಲ್ಲಿಟ್ಟರು. ಮಧ್ಯಾಹ್ನ ಲೈಸೆನ್ಸಿನ ಪ್ರತಿ, ಏಳು ತರಬೇತಿ ಸರ್ಟಿಫಿಕೇಟು, ಏಳು ವೆರಿಫಿಕೇಶನ್ ವರದಿ ಹಿಡಿದುಕೊಂಡು ಹೋದೆ. ಕದದ ಹತ್ತಿರ ನಿಂತೇ ಇದ್ದೆ.

“ಬರ್ರಿ ಮೇಡಂ, ಕುಂದ್ರಿ,” ಎಂದರು.

ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಅವರು ಪ್ರತಿಯೊಂದು ಕಾಗದವನ್ನೂ ಓದಿದರು, ಒಂದನ್ನೂ ಬಿಡಲಿಲ್ಲ. ಒಪ್ಪಂದದ ಎರಡೂ ಪ್ರತಿಗಳಿಗೆ ಸಹಿ ಆಯಿತು. ಜೂನ್ ಒಂದರಿಂದ ಶುರು ಅಂತಿತ್ತು. ಅವರು ಪೆನ್ನಿನ ಮುಚ್ಚಳ ಹಾಕಿ, ಮುಖದಲ್ಲಿ ನಗು ಕಾಣದಂತೆ ಕೇಳಿದರು:

“ಒಪ್ಪಂದದಾಗ ಏಳು ಗಾರ್ಡ್ ಅಂತ ಅದ. ನನ್ನ ಲೆಕ್ಕದಾಗ ಈಗ ಆರೇ ಮಂದಿ ಉಳಿದಾರ. ಹೆರಿಗೆ ವಾರ್ಡಿನ ಗಾರ್ಡ್ ಒಬ್ಬಾಕಿ ಇವತ್ತು ಮುಂಜಾನಿನೇ ರಾಜೀನಾಮೆ ಕೊಟ್ಟಾಳ. ಭಾಳ ಚಲೋ ಕೆಲಸ ಮಾಡ್ತಿದ್ಲು. ಆ ಜಾಗಕ್ಕ ಯಾರನ್ನ ಕಳಿಸ್ತೀರಿ?”

“ಜೂನ್ ಒಂದಕ್ಕ ಮುಂಜಾನಿ ಆರಕ್ಕ ಬಾಗಿಲಿಗಿ ಬರ್ತಾರ್ರಿ ಸರ್.”

“ತರಬೇತಿ ಆಗ್ಯಾದೇನು?”

“ಆಗ್ಯಾದ್ರಿ. ವೆರಿಫಿಕೇಶನ್ ಭೀ ಆಗ್ಯಾದ.”

“ಯಾರು?”

“ನಾನೇ ರೀ,” ಎಂದೆ.